ಉಳಿದುಹೋದ ಶಾಲು

ಎಲ್ಲಕ್ಕೂ ಕಾರಣ ಒಂದು ಉಳಿದುಹೋದ ಶಾಲು. ದುಬೈಯ ಕನ್ನಡ ಸಂಘದ ವಾರ್ಷಿಕೋತ್ಸವದ ಸನ್ಮಾನಕ್ಕೆ ಒಪ್ಪಿಕೊಂಡಿದ್ದ ಉದ್ಯಮಿ ಬೆಳ್ಳಂಬೆಳಿಗ್ಗೆ ಕೈಕೊಟ್ಟಿದ್ದ. ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ತಯಾರು, ಪೇಟ ಇಡಲಿಕ್ಕೆ ತಲೆಯೊಂದೇ ಇಲ್ಲ! ಕಾರ್ಯದರ್ಶಿ ಕ್ಯಾಮಿಲಸ್, ಅಲ್ ನಹ್ದಾ ಬಡಾವಣೆಯ ತನ್ನ ಫ್ಲಾಟಿನಿಂದ ಹೊರಬಂದು ಎದುರು ಬಾಗಿಲು ಬಡಿದ. ಅಲ್ಲಿದ್ದವನು ಪೋಲೆಂಡಿನ ಜೆನೋನ್.

"ಜೆನೋನ್ ಸರ್, ನೀವು ಸರಕಾರದ ವಿರುದ್ಧ ಜೈಲಿಗೆ ಹೋದವರಲ್ವಾ? ಇವತ್ತು ನಿಮಗೇ ಸನ್ಮಾನ. ಇಲ್ಲ ಅನ್ಬೇಡಿ ಮಾರಾಯ್ರೇ!"

ಜೆನೋನನ ಮುಖ ಹುಣಸೆಹಣ್ಣು ಕಚ್ಚಿದಂತಾಯಿತು. ವೇದಿಕೆ ಕಂಡರೇ ಆಗದು ಅವನಿಗೆ. ಹರೆಯದಲ್ಲಿ, ಹಡಗು ಕಟ್ಟುವ ಕಾರ್ಖಾನೆಯಲ್ಲಿ, ಆಳುವ ಕಮ್ಯುನಿಸ್ಟ್ ಪಕ್ಷದ ನಾಯಕನ ಭಾಷಣಕ್ಕೆ ಊರೆಲ್ಲ ಚಪ್ಪಾಳೆ ತಟ್ಟುವಾಗ ಇವನೊಬ್ಬ ಕೈಕಟ್ಟಿ ಕೂತಿದ್ದ. ಪೊಲೀಸರು ಬೆನ್ನು ಹತ್ತಿದರು. ಇಗರ್ಜಿಯ ಗಂಟೆಗೋಪುರದಲ್ಲಿ ಅಡಗಿದ್ದವನನ್ನು ಯಾರೋ ಹಿಡಿದುಕೊಟ್ಟರು. ಜೈಲಾಯಿತು. ಆಮೇಲೆ, ಹೋಗಲಿಕ್ಕೆ ನಡೆಯುವ, ಮರಳಲಿಕ್ಕೆ ನಡೆಯದ ಪಾಸ್‌ಪೋರ್ಟ್ ಕೊಟ್ಟು ದೇಶದಿಂದಲೇ ದಬ್ಬಿದರು. ತಾಯಿ ತೀರಿಕೊಂಡಾಗ ಮಣ್ಣಿಗೂ ಬರಗೊಡಲಿಲ್ಲ. ಕೆನಡಾ ಆಶ್ರಯ ಕೊಟ್ಟಿತು. ಅಲ್ಲಿಂದ ಕೆಲಸ ಅವನನ್ನು ದುಬೈಗೆ ತಂದಿತು. ಆ ಸರಕಾರ ಬಿದ್ದುಹೋದರೂ ಇವನ ಮುನಿಸು ಬೀಳಲಿಲ್ಲ. ಗೋಪುರದ ಗುಟ್ಟು ಗೊತ್ತಿದ್ದದ್ದು ಒಬ್ಬನಿಗೇ: ಸ್ವಂತ ಅಣ್ಣ ವಾಲ್ದೆಕ್‌ಗೆ.

"ಇವತ್ತು ಸಾಧ್ಯವೇ ಇಲ್ಲ," ಎಂದ ಜೆನೋನ್. "ನಮ್ಮಣ್ಣ ಬ್ಯಾಂಕಾಕಿಗೆ ಹೋಗ್ತಾ ಇಲ್ಲಿ ಇಳೀತಾನೆ. ಸಂಜೆಯೇ ಹೊರಟುಬಿಡ್ತಾನೆ. ಅವನ ಬಾಯಿಂದ 'ತಪ್ಪಾಯ್ತು' ಅನ್ನೋ ಒಂದು ಮಾತು ಕೇಳ್ಬೇಕು. ನಲವತ್ತು ಚಿಲ್ಲರೆ ವರ್ಷದಿಂದ ಕಾಯ್ತಾ ಇದ್ದೇನೆ."

ಕ್ಯಾಮಿಲಸನ ಕಣ್ಣು ಮಿಂಚಿತು. "ಅಣ್ಣನವರೂ ಪೋಲೆಂಡಿನವರೇ ಅಲ್ವಾ? ಟ್ಯಾಕ್ಸಿ ಎಂತಕ್ಕೆ, ನನ್ನ ಕಾರುಂಟು. ಯಲ್ಲಾ, ಹೊರಡುವ!"

ಏರ್‌ಪೋರ್ಟಿನಲ್ಲಿ ವಾಲ್ದೆಕ್ ತಮ್ಮನನ್ನು ಅಪ್ಪಿಕೊಂಡ. ಕಾರು ಹೊರಟೊಡನೆ ಜೆನೋನ್, "ಅಣ್ಣಾ, ಆ ಗೋಪುರದ ವಿಷಯ..." ಎಂದು ಬಾಯಿ ತೆರೆದ. ಮುಂದಿನ ಸೀಟಿನಲ್ಲಿದ್ದ ಕ್ಯಾಮಿಲಸನ ಹೆಂಡತಿ ನ್ಯಾನ್ಸಿ ನೀರುದೋಸೆಯ ಡಬ್ಬಿ ನಡುವೆ ತೂರಿಸಿದಳು. "ಮೊದ್ಲು ತಿನ್ನಿ ಸರ್, ಮಾತು ಮತ್ತೆ."

ಕಾರು ಮನೆಗೆ ಹೋಗಲಿಲ್ಲ, ಸೀದಾ ಊದ್ ಮೇಥಾದ ಸಭಾಂಗಣಕ್ಕೆ ಹೋಯಿತು. "ಹತ್ತೇ ನಿಮಿಷ," ಎಂದ ಕ್ಯಾಮಿಲಸ್. ಸಂಘದ ಹತ್ತು ನಿಮಿಷ ಎಷ್ಟುದ್ದ ಎಂದು ಪೋಲೆಂಡಿನವನಿಗೇನು ಗೊತ್ತು! ಪ್ರಾರ್ಥನೆ, ದೀಪ, ಸ್ವಾಗತ, ಅಧ್ಯಕ್ಷರ ಭಾಷಣ, ಮಾಜಿ ಅಧ್ಯಕ್ಷರ ಭಾಷಣ. ಜೆನೋನ್ ಬಾಯಿ ತೆರೆದಾಗಲೆಲ್ಲ ಮೈಕು ಕಿರುಚಿತು. ಅಷ್ಟರಲ್ಲಿ ವಾಲ್ದೆಕ್‌ನನ್ನು ವೇದಿಕೆಗೆ ಕರೆದರು. ಅವನಿಗೋ ವೇದಿಕೆ ಎಂದರೆ ಮೊದಲಿಂದಲೂ ಪ್ರಾಣ.

ಶಾಲು ಹೊದಿಸಿ ಪೇಟ ಇಟ್ಟದ್ದೇ ತಡ, ಮೈಕು ಹಿಡಿದೇಬಿಟ್ಟ. ಅವನ ಇಂಗ್ಲಿಷನ್ನು ಕ್ಯಾಮಿಲಸ್ ಕನ್ನಡಕ್ಕೆ ತಿರುಗಿಸುತ್ತಾ ಹೋದ.

"ನನ್ನ ತಮ್ಮ ಗೋಪುರದಲ್ಲಿ ಅಡಗಿದ್ದ. ಪೊಲೀಸರಿಗೆ ಹೇಳಿದ್ದು ನಾನೇ."

ಜೆನೋನ್ ಕುರ್ಚಿಯ ತುದಿಗೆ ಸರಿದ. ಬಂತು, ಕೊನೆಗೂ ಬಂತು! ಇನ್ನೊಂದೇ ಮಾತು ಬಾಕಿ.

"ನಾನು ಹೇಳದಿದ್ದರೆ ಅಲ್ಲೇ ಕೊಳೀತಿದ್ದ. ನನ್ನಿಂದಾಗಿ ಫಾರಿನ್ ಕಂಡ. ಇವತ್ತು ನೋಡಿ, ದುಬೈಯಲ್ಲಿ ಏಸಿ ಫ್ಲಾಟಿನಲ್ಲಿದ್ದಾನೆ!"

ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಲ್ಲಿದ್ದವರೆಲ್ಲ ಯಾರೋ ಭಾವನೋ ಚಿಕ್ಕಪ್ಪನೋ ವೀಸಾ ಕಳಿಸಿ ಕರೆಸಿಕೊಂಡವರೇ. ಆ ಋಣ ಎಂಥದೆಂದು ಅವರಿಗೆ ಗೊತ್ತು.

ನ್ಯಾನ್ಸಿ ಕಣ್ಣೊರೆಸಿಕೊಂಡಳು. "ಎಂಥಾ ಅಣ್ಣ ದೇವರೇ! ನನ್ನಣ್ಣ ಇಪ್ಪತ್ತು ವರ್ಷ ಕುವೈತಲ್ಲಿದ್ದ, ಒಂದು ವಿಸಿಟ್ ವೀಸಾ ಸಹ ಕಳಿಸ್ಲಿಲ್ಲ."

"ಅದು ಹಾಗಲ್ಲ!" ಎಂದು ಜೆನೋನ್ ಎದ್ದು ಕೂಗಿದ. ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

"ತಮ್ಮನವರು ಧನ್ಯವಾದ ಹೇಳ್ಲಿಕ್ಕೆ ಎದ್ದಿದ್ದಾರೆ," ಎಂದ ಕ್ಯಾಮಿಲಸ್ ಮೈಕಿನಲ್ಲಿ. "ಆದ್ರೆ ಟೈಮಿಲ್ಲ, ಅಣ್ಣನವರಿಗೆ ಫ್ಲೈಟ್ ಉಂಟು."

ಎಲ್ಲರ ಕಣ್ಣೂ ಜೆನೋನನ ಮೇಲೆ. ನ್ಯಾನ್ಸಿ ಮೊಣಕೈಯಿಂದ ತಿವಿದಳು. "ನೀವೇ ಕೈಕಟ್ಟಿ ನಿಂತ್ರೆ ಹೇಗೆ ಸರ್? ಉಪಕಾರ ಸ್ಮರಣೆ ಇಲ್ಲದವ್ರು ಅಂತಾರೆ. ಹೊಡೀರಿ ಚಪ್ಪಾಳೆ!"

ನಾಯಕನಿಗೆ ತಟ್ಟದೆ ದೇಶವನ್ನೇ ಕಳೆದುಕೊಂಡ ಆ ಎರಡು ಕೈಗಳು ಮೆಲ್ಲಗೆ ಮೇಲೆದ್ದವು. ಜೆನೋನ್ ಚಪ್ಪಾಳೆ ತಟ್ಟಿದ.