ನೆತ್ತಿಯ ಇಟ್ಟಿಗೆ

ನಾಲ್ಕು ಜನರ ಎದುರು ತಪ್ಪು ಮಾಡುವ ಧೈರ್ಯ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನನಗೆ ಬಂದಿಲ್ಲ. ತರಕಾರಿ ಅಂಗಡಿಯಲ್ಲಿ ಕೇಳಬೇಕಾದ್ದನ್ನೂ ಮನಸ್ಸಿನಲ್ಲೇ ಒಮ್ಮೆ ಹೇಳಿ ನೋಡಿಕೊಂಡು ಬಾಯಿ ತೆರೆಯುವವಳು ನಾನು. ಮೈಸೂರಿನ ಕಾಲೇಜೊಂದರಲ್ಲಿ ಗಣಿತ ಕಲಿಸುವುದರಿಂದ ಈ ಸ್ವಭಾವ ಅಲ್ಲಿ ಗುಣವೆನಿಸಿಕೊಂಡಿದೆ. ಇಂಥವಳು ಬೆಳಗೊಳದಲ್ಲಿ, ಬೀದಿಗೆಲ್ಲ ಕಾಣುವ ನಮ್ಮ ಹಿತ್ತಿಲಿನಲ್ಲಿ, ಪಿಜ್ಜಾ ಸುಡುವ ಗುಮ್ಮಟದ ಒಲೆ ಕಟ್ಟಲು ಏಕೆ ಹೊರಟೆ ಎಂದು ಕೇಳಬೇಡಿ. ರಜೆ ಇತ್ತು, ಇಟ್ಟಿಗೆ ಇತ್ತು, ಅಷ್ಟೆ.

ಒಲೆಗೆಂದು ನಾನು ಆರಿಸಿದ ಮೂಲೆಯ ಮೇಲೆ ಅಮ್ಮನ ಕಣ್ಣೂ ಇತ್ತು. ಅವಳಿಗೆ ಅಲ್ಲಿ ಕರುವಿಗೊಂದು ಕೊಟ್ಟಿಗೆ ಬೇಕು. ಕೊನೆಗೆ ಒಪ್ಪಂದವಾಯಿತು. "ಕಟ್ಕೊ. ನಿಂತ್ಕಂಡ್ರೆ ನಿಂದು. ಬಿದ್ದೋದ್ರೆ ಮೂಲೆ ಕರೂಗೆ. ಆಮೇಕೆ ಪಿಜ್ಜ ಗಿಜ್ಜ ಅಂತ ನನ್ ಮುಂದೆ ಉಸ್ರೆತ್ತಂಗಿಲ್ಲ."

ಗುಮ್ಮಟಕ್ಕೆ ಇಟ್ಟಿಗೆಯನ್ನು ಇದ್ದ ಹಾಗೆಯೇ ಇಡಲಾಗದು. ಒಳಮುಖ ಕಿರಿದಾಗಿ, ಹೊರಮುಖ ಅಗಲವಾಗಿ, ಕಿತ್ತಳೆ ತೊಳೆಯಂತೆ ಕತ್ತರಿಸಬೇಕು. ನಾನು ಒಂದು ಇಟ್ಟಿಗೆಯನ್ನು ಮಿಲಿಮೀಟರಿನವರೆಗೆ ಅಳೆದು, ಸಾಲುಸಾಲಿಗೂ ಕೋನ ಲೆಕ್ಕ ಹಾಕಿ, ಕಟಿಂಗ್ ಮಿಷನ್ನು ತಂದು ಎರಡೇ ದಿನದಲ್ಲಿ ಎಂಬತ್ತು ಇಟ್ಟಿಗೆ ಕತ್ತರಿಸಿ ಜೋಡಿಸಿಟ್ಟೆ. ಕೆಂಪು ಧೂಳು ಬೇಲಿ ದಾಟಿ ಪಕ್ಕದ ಮನೆಯ ಜಯಕ್ಕ ಒಣಹಾಕಿದ್ದ ಹಪ್ಪಳದ ಮೇಲೆ ಕೂತಿತು. "ಕಾರದ್ಪುಡಿ ಕಮ್ಮಿಯಾಗಿತ್ತು, ಸರಿ ಮಾಡ್ದೆ ಬುಡವ್ವ," ಎಂದು ಜಯಕ್ಕ ಹಪ್ಪಳ ಕೊಡವಿದಳು.

ಅಚ್ಚಿಗಾಗಿ ಮರಳನ್ನು ಗುಡ್ಡೆ ಮಾಡಿ ಅದರ ಮೇಲೆ ಇಟ್ಟಿಗೆ ಜೋಡಿಸತೊಡಗಿದೆ. ಮೂರನೆಯ ಸಾಲಿಗೆ ಒಂದು ಕಡೆ ಬೆರಳು ತೂರುವಷ್ಟು ಸಂದು, ಇನ್ನೊಂದು ಕಡೆ ಇಟ್ಟಿಗೆಗೇ ಜಾಗವಿಲ್ಲ. ಸಿದ್ದಣ್ಣ ಬೇಲಿಗೆ ಒರಗಿ ನೋಡುತ್ತಿದ್ದ. ಸುತ್ತಲಿನ ಆಲೆಮನೆಗಳಲ್ಲಿ ಬೆಲ್ಲ ಕಾಯಿಸುವ ಒಲೆಗಳನ್ನೆಲ್ಲ ಕಟ್ಟಿದವನು ಅವನೇ.

"ಯಾವ ಇಟ್ಗೆ ಅಳ್ದಿದ್ದವ್ವ?"

ತೋರಿಸಿದೆ.

"ಅದು ಸರ್ಯಾಗಿ ಕೂತ್ಕತದೆ. ಮಿಕ್ಕಿದ್ವುಕ್ಕೆ ಏನ್ ಮಾಡೀಯೆ?"

ನಮ್ಮ ಕಡೆಯ ಗೂಡಿನ ಇಟ್ಟಿಗೆ ಕೈಯಲ್ಲಿ ಅಚ್ಚು ಹಾಕಿದ್ದು. ಒಂದು ಉಬ್ಬಿರುತ್ತದೆ, ಒಂದು ಸೊರಗಿರುತ್ತದೆ. ಇದು ಊರಿನ ಮಕ್ಕಳಿಗೂ ಗೊತ್ತು, ನನಗೂ ಗೊತ್ತು. ಆದರೆ ಪೆನ್ನು ಹಿಡಿದ ಕೂಡಲೇ ನನ್ನ ಕಣ್ಣಿಗೆ ಜಗತ್ತಿನ ಇಟ್ಟಿಗೆಗಳೆಲ್ಲ ಒಂದೇ ಅಳತೆಯವಾಗಿಬಿಡುತ್ತವೆ.

"ಪಕ್ಕದ್ದುನ್ನ ಕೇಳ್ದೆ ಇಟ್ಗೆ ಕುಯ್ಬಾರ್ದು ಕಣವ್ವ. ಮಡಗು, ಇದ್ಲಲ್ಲಿ ಗೀಟಾಕು, ಆಮೇಕೆ ಕುಯ್ಯಿ," ಎಂದು ಹೇಳಿ, ನನ್ನ ಕೋನಗಳ ಹಾಳೆಯನ್ನು ಕೇಳಿ ಪಡೆದು, ಅದರಲ್ಲಿ ಎಲೆ ಅಡಿಕೆ ಕಟ್ಟಿಕೊಂಡು ಹೋದ.

ಹಾಗೇ ಮಾಡಿದೆ. ಇಡುವುದು, ಗೀಟೆಳೆಯುವುದು, ಕತ್ತರಿಸುವುದು, ಉಜ್ಜುವುದು. ದಿನಕ್ಕೊಂದೇ ಸಾಲು. ಕಡೆಗೆ ನೆತ್ತಿಯಲ್ಲಿ ಒಂದು ಇಟ್ಟಿಗೆಯ ಜಾಗ ಉಳಿದಾಗ ಕರೆಂಟು ಹೋಯಿತು. ಉಳಿ, ಸುತ್ತಿಗೆ ತಂದೆ. ಟೇಪಿಗೆ ಕೈ ಹೋಯಿತು, ಹಿಂದಕ್ಕೆ ತೆಗೆದುಕೊಂಡೆ. ಕಣ್ಣಳತೆಯಲ್ಲೇ ಕೆತ್ತಿ, ಗಾರೆ ಸವರಿ, ಮೇಲಿಟ್ಟು ಮೆಲ್ಲನೆ ಬಡಿದೆ. ಟಕ್ ಎಂದು ಕೂತಿತು. ಅಂಥ ಸದ್ದನ್ನು ನನ್ನ ಯಾವ ಸರಿಯುತ್ತರವೂ ಮಾಡಿರಲಿಲ್ಲ.

ಗಾರೆ ಒಣಗಿದ ಮೇಲೆ ಮರಳು ತೆಗೆಯಬೇಕು. ಬಿದ್ದರೆ ಒಬ್ಬಳೇ ಇರುವಾಗ ಬೀಳಲಿ ಎಂದು ಬೆಳಿಗ್ಗೆ ಆರಕ್ಕೇ ಎದ್ದೆ. ಹಿತ್ತಿಲಿನಲ್ಲಿ ಅಮ್ಮ, ಜಯಕ್ಕ, ಸಿದ್ದಣ್ಣ, ಜೊತೆಗೆ ಹಕ್ಕುದಾರ ಕರು, ಎಲ್ಲರೂ ಹಾಜರಿದ್ದರು. ಒಲೆಯ ಬಾಯಿಂದ ಮರಳು ಎಳೆಯುತ್ತ ಹೋದೆ. ಕೊನೆಯ ಬೊಗಸೆ ಹೊರಬಂತು. ಗುಮ್ಮಟ ಅಲುಗಲಿಲ್ಲ.

ಸಿದ್ದಣ್ಣ ಅದರ ಮೇಲೆ ಹತ್ತಿ ನಿಂತ.

"ಅಯ್ಯೋ, ಇಳಿ ಸಿದ್ದಣ್ಣ!" ಎಂದು ಕೂಗಿದೆ.

"ಯಾಕಿಳೀಲಿ? ಬಾ ಜಯಕ್ಕ, ನಿಂಗೂ ಜಾಗ ಅದೆ!"

ಅಮ್ಮ ಕರುವಿನ ಹಗ್ಗ ಹಿಡಿದು, "ಬಾ ಮಗ, ನಿಂಗೆ ಬ್ಯಾರೆ ಜಾಗ ನೋಡ್ಮ," ಎಂದಳು. ಯಾವ ಪದವಿ ಪತ್ರ ಪಡೆದಾಗಲೂ ನನ್ನ ಎದೆ ಅಷ್ಟು ಉಬ್ಬಿರಲಿಲ್ಲ.

ಅದು ಇನ್ನೂ ಇಳಿದಿಲ್ಲ ಎಂಬುದೇ ಈಗಿನ ತೊಂದರೆ. ಮೊನ್ನೆ ಮೈಸೂರಿನಿಂದ ಬರುವ ಬಸ್ಸಿನಲ್ಲಿ ಪಕ್ಕದಲ್ಲಿದ್ದ ಹೆಂಗಸು, ಕಿಟಕಿ ಮುಚ್ಚಬಹುದೇ ಎಂದಷ್ಟೇ ಕೇಳಿದ್ದಳು. ನಾನು ಐದನೆಯ ಸಾಲು ವಿವರಿಸುವಾಗ ನಮ್ಮೂರು ಬೆಳಗೊಳ ದಾಟಿತು. ನೆತ್ತಿಯ ಇಟ್ಟಿಗೆ ಕೂರಿಸುವಷ್ಟರಲ್ಲಿ ಬಸ್ಸು ಕೆ.ಆರ್.ಎಸ್. ತಲುಪಿತ್ತು. ಅವಳು ಇಳಿಯಬೇಕಾದ ಊರೂ ಹಿಂದೆಯೇ ಹೋಗಿತ್ತಂತೆ. ನಡುವೆ ಬಾಯಿ ಹಾಕಲಿಲ್ಲ, ಪಾಪ; ತೀರಾ ಸಂಕೋಚದ ಸ್ವಭಾವ.