ಪಂಕ್ತಿಗೆ ಕುಂತ ಬ್ರಾಯ್ಲರ್ ಕೋಳಿ

ಕೋಳಿ ಸಾಕೋದು ಏನು ಮಹಾ? ಬ್ಯಾಡಗಿ ಸಾಲ್ಯಾಗ ಊರ ಹುಡುಗ್ರನ್ನೆಲ್ಲಾ ಸುಮ್ಮನ ಕುಂದ್ರಿಸಿದ ಮಾಸ್ತರ ನಾನು, ಕೋಳಿಗೆ ಹೆದರ್ತೀನೇನು? ರಿಟೈರ್ ಆದ ಮ್ಯಾಲೆ ಹಾವೇರ್ಯಾಗ ಕೋಳಿ ಸಾಕೋ ತರಬೇತಿ ಮುಗಿಸಿದವನ, ಅಡಿಗಿಮನಿ ಮಗ್ಗಲದ ಖೋಲಿ ಖಾಲಿ ಮಾಡಿಸಿ ನೂರು ಬ್ರಾಯ್ಲರ್ ಮರಿ ತಂದು ಬಿಟ್ಟೆ.

ಅದು ನನ್ನ ಹೆಂಡ್ತಿ ಶಾರದವ್ವ ಮೆಣಸಿನಕಾಯಿ ಇಡೋ ಖೋಲಿ. ಆಕಿ ಬಾಗಿಲದಾಗ ನಿಂತು ಕರಾರು ಹಾಕಿದ್ಲು. "ಹಾವೇರಿ ಖಾನಾವಳಿ ಯೂಸುಫಸಾಬರು ಕೊಳ್ಳಾಕ ಬಂದು ತೂಗಿದಾಗ ಒಂದೊಂದು ಕೋಳಿ ಒಂದೂವರಿ ಕಿಲೋ ಬರಬೇಕು. ಬರಲಿಲ್ಲಂದ್ರ ಖೋಲಿ ನಂದು. ಮತ್ತ ಈ ಮನ್ಯಾಗ ಕೋಳಿ ಮಾತು ಎತ್ತಬಾರದು."

"ಎರಡು ಕಿಲೋ ಬರ್ತಾವ, ನೋಡೀಯಂತ," ಅಂದೆ.

ತರಬೇತಿ ಸಾಹೇಬರ ಸೂತ್ರ ಸರಳ ಇತ್ತು. ಸಣ್ಣಾವಿದ್ದಾಗ ಸ್ಟಾರ್ಟರ್ ಫೀಡು, ಬೆಳೆದ ಮ್ಯಾಲೆ ಫಿನಿಶರ್ ಫೀಡು. ಬ್ರಾಯ್ಲರ್ ತಿನ್ನಬೇಕು, ಕುಂದ್ರಬೇಕು, ಅಡ್ಡಾಡಬಾರದು. ತಿನ್ನದಿದ್ರ ಫೀಡಿನ ತಾಟು ಬೆರಳಿಲೆ ಟಪ್ ಟಪ್ ಅಂತ ಬಡೀಬೇಕು, ಸಪ್ಪಳಕ್ಕ ಬರ್ತಾವ. ನಾ ಬಡಿದೆ, ಅವು ಬಂದು ತಿಂದ್ವು. ನಾ ಮೀಸಿ ತಿರುವಿದೆ.

ಅಷ್ಟರಾಗ ಗ್ವಾಡಿ ಆಚೆ ಶಾರದವ್ವ ರೊಟ್ಟಿ ಬಡಿಯಾಕ ಕುಂತ್ಲು. ಟಪ್ ಟಪ್ ಟಪ್. ನೂರೂ ಮರಿ ಫೀಡು ಬಿಟ್ಟು, ನನ್ನ ಕಾಲು ತುಳಿದು ಅಡಿಗಿಮನಿಗೆ ಓಡಿದ್ವು. ನನ್ನ ಬೆರಳೆಲ್ಲಿ, ಆಕಿ ಅಂಗೈ ಎಲ್ಲಿ!

"ಏನ್ರೀ ಇದು? ಇವನ್ನ ಕರಕೊಂಡು ಹೋಗ್ರಿ ಮೊದಲ."

"ಒಂದೀಟು ರೊಟ್ಟಿ ಚೂರು ಹಾಕು, ತಾವ ಬರ್ತಾವ."

ಅದ ತಪ್ಪಾತು ನೋಡ್ರಿ. ರೊಟ್ಟಿ ರುಚಿ ಹತ್ತಿದ ಮ್ಯಾಲೆ ಫೀಡಿಗೆ ಬಾಯಿ ಹಚ್ಚಲಿಲ್ಲ. ಆವಾಗ ನನಗ ಹೊಳೀತು: ನಮ್ಮ ಕಡೆ ಮನಿಗೆ ಬಂದವರಿಗೆ ಒಬ್ಬರ ಕುಂತು ಉಣ್ಣಾಕ ಬಿಡಂಗಿಲ್ಲ, ಜೋಡಿ ಕುಂತು ಒತ್ತಾಯ ಮಾಡಬೇಕು. ನನ್ನ ತಾಟು ಖೋಲಿಗೆ ಒಯ್ದೆ. "ತಗೋರೆಪಾ, ನಾಚಬ್ಯಾಡ್ರಿ" ಅಂತ ರೊಟ್ಟಿ ಮುರಿದೆ. ನಾ ಒಂದು ತುತ್ತು ತಿಂದ್ರ ಅವು ಫೀಡಿಗೆ ಒಂದು ಸಲ ಕುಕ್ಕಿದ್ವು. ನಾ ನಿಲ್ಲಿಸಿದ್ರ ಅವೂ ನಿಲ್ಲಿಸಿ ನನ್ನ ಮಾರಿ ನೋಡಿದ್ವು. ಹಿಂಗಾಗಿ ಮುಂಜಾನಿಂದ ಸಂಜಿತನಕ ಉಣ್ಣೋದ ನನ್ನ ಕೆಲಸಾತು. ರೊಟ್ಟಿ ಮುಗೀತಂದ್ರ ಶಾರದವ್ವ ಮತ್ತ ಬಡಿಯಾಕ ಕುಂದ್ರಾಕಿ, ಸಪ್ಪಳ ಕೇಳಿ ಇವು ಮತ್ತ ಓಡಾವು.

"ಇನ್ನೂ ಎಷ್ಟು ಬಡೀಲ್ರಿ? ರಟ್ಟಿ ಬಿದ್ದು ಹೋದ್ವು."

"ಕೋಳಿ ಸಲುವಾಗಿ ಉಣ್ಣಾಕತ್ತೇನಿ ಮಾರಾಯ್ತಿ, ನನಗೇನು ಚಟ?"

ಕಡೀಗೆ ಯೂಸುಫಸಾಬರು ತಕ್ಕಡಿ ಹಿಡಕೊಂಡು ಬಂದ್ರು. ಒಂದು ಕೋಳಿ ತೂಗಿದ್ರು, ಮುಕ್ಕಾಲು ಕಿಲೋ. ಇನ್ನೊಂದೂ ಅಷ್ಟ. ಓಡಿ ಓಡಿ ಕಾಲು ಮಾತ್ರ ಗಟ್ಟಿ ಆಗಿದ್ವು. ಸಾಬರು ನನ್ನ ಕಡೆ ತಿರುಗಿದ್ರು. ನಾ ಅಂಗಿ ಗುಂಡಿ ಹಾಕಾಕ ಒದ್ದಾಡಾಕತ್ತಿದ್ದೆ.

"ಮಾಸ್ತರ, ಮೇವು ಚಲೋನ ಹಾಕೀರಿ. ಹತ್ತಿದ್ದು ಬ್ಯಾರೆ ಮೈಗೆ."

ಶಾರದವ್ವ ಆಗಲೇ ಮೆಣಸಿನಕಾಯಿ ಚೀಲ ಖೋಲಿಗೆ ಎಳ್ಯಾಕತ್ತಿದ್ಲು. ಅಲ್ಲಿಂದನ ಅಂದ್ಲು: "ಹಂಗಾದ್ರ ಇವರನ್ನ ಒಯ್ರಿ ಸಾಬರ, ತೂಕ ಭರ್ತಿ ಅದಾರ."

ಸಾಬರು ನನ್ನ ಮ್ಯಾಲಿಂದ ಕೆಳಗ ನೋಡಿ ತಕ್ಕಡಿ ಮಡಚಿದ್ರು.

"ಬ್ಯಾಡ್ರೀ ಅಕ್ಕಾರ. ವಯಸ್ಸು ಮೀರೇತಿ, ಎಷ್ಟು ಕುದಿಸಿದ್ರೂ ಬೇಯಂಗಿಲ್ಲ."