ಕುಂಡದ ನಿಂಬೆಗೆ ಕಾವಲು

"ಬದರಿ ಅಂಕಲ್ ಮನೇಲಿ ಸೋಫಾ ಗಿಡಗಳಿಗೆ, ಸ್ಟೂಲು ಆಂಟಿಗೆ" ಅಂತ ಅಮೆರಿಕದ ಸಮರ್‌ಸೆಟ್‌ನ ನಮ್ಮ ಬೀದಿಯ ಕನ್ನಡದವರು ಆಡಿಕೊಳ್ಳುತ್ತಿದ್ದರು. ಶುದ್ಧ ಸುಳ್ಳು. ಬಿಸಿಲು ಬೀಳುವ ಕಿಟಕಿ ಸೋಫಾ ಇದ್ದ ಕಡೆಯದೊಂದೇ ಅಂತ ಅದನ್ನು ಎಂದೋ ಬೇಸ್‌ಮೆಂಟಿಗೆ ಇಳಿಸಿಯಾಗಿತ್ತು. ಸ್ಟೂಲು ಇದ್ದದ್ದು ನನಗೆ.

ಗಿಡಗಳು ಮೂರು. ಅಂಜೂರ, ದಾಳಿಂಬೆ, ನಿಂಬೆ. ಮೂರೂ ದೊಡ್ಡ ಕುಂಡಗಳಲ್ಲಿ, ಕುಂಡಗಳು ಚಕ್ರದ ಹಲಗೆಯ ಮೇಲೆ. ಬೇಸಿಗೆಯಲ್ಲಿ ಮನೆ ಹಿಂದಿನ ಮರದ ಡೆಕ್ ಮೇಲಿದ್ದು, ಅಕ್ಟೋಬರಿನಲ್ಲಿ ಎಲೆ ಸುಡುವ ಫ್ರಾಸ್ಟ್ ಬೀಳುವ ಮೊದಲು ಮೆರವಣಿಗೆಯಲ್ಲಿ ಒಳಕ್ಕೆ ಬರುತ್ತಿದ್ದವು. ಅಂಜೂರ ಎಲೆಯೆಲ್ಲ ಉದುರಿಸಿ, ಮುನಿಸಿಕೊಂಡ ಅತ್ತೆಯ ಹಾಗೆ ಗ್ಯಾರೇಜು ಸೇರುತ್ತಿತ್ತು. ದಾಳಿಂಬೆ ಹೂ ಬಿಟ್ಟು ಆಸೆ ಹುಟ್ಟಿಸಿ ಕೈಕೊಡುತ್ತಿತ್ತು. ಮಾತು ಉಳಿಸಿಕೊಂಡದ್ದು ನಿಂಬೆ ಒಂದೇ. ಹಿಂದಿನ ಚಳಿಗಾಲ ಅದು ಮನೆಯೊಳಗೇ ಹೂ ಬಿಟ್ಟಾಗ ಜೇನುನೊಣದ ಉದ್ಯೋಗವನ್ನು ಈ ಬದರೀನಾಥನೇ ವಹಿಸಿಕೊಂಡಿದ್ದ. ಮಗಳ ಪೇಂಟ್ ಬ್ರಷ್ ಹಿಡಿದು ಹೂವಿನಿಂದ ಹೂವಿಗೆ ಪರಾಗ ಹಚ್ಚಿದೆ. ಹಚ್ಚುವಾಗ ಝೇಂಕರಿಸಿದೆ ಅಂತ ನನ್ನ ಹೆಂಡತಿ ಅನಸೂಯಳ ಆರೋಪ. (ಝೇಂಕರಿಸಿದ್ದು ನಿಜ. ಆದರೆ ಸಣ್ಣಗೆ.) ಫಲವಾಗಿ ಹನ್ನೆರಡು ಹಣ್ಣು.

ಅದು ಎರಡು ಸಾವಿರದ ಎಂಟರ ನವೆಂಬರ್. ನಾನು ಕೆಲಸಕ್ಕಿದ್ದದ್ದು ಪಕ್ಕದೂರು ಬ್ರಿಡ್ಜ್‌ವಾಟರಿನ ಔಷಧದ ಕಂಪನಿಯಲ್ಲಿ. ಜಗತ್ತಿಗೆಲ್ಲ ಗುಳಿಗೆ ಕೊಡುತ್ತಿದ್ದ ಅದಕ್ಕೂ ಆ ವರ್ಷ ಆರ್ಥಿಕ ಹಿಂಜರಿತದ ಜ್ವರ. ಪ್ರತಿ ಶುಕ್ರವಾರ ಸಂಜೆ ನಾಲ್ಕಕ್ಕೆ ಎಚ್‌ಆರ್ ಹೆಂಗಸು ಟಕ್ ಟಕ್ ಅಂತ ನಡೆದು ಬರುತ್ತಿದ್ದಳು. ಯಾರ ಮೇಜಿನ ಮುಂದೆ ಆ ಸದ್ದು ನಿಲ್ಲುತ್ತದೋ ಅವರ ಕೆಲಸ ಹೋಯಿತು; ಸಾಮಾನು ತುಂಬಿಕೊಳ್ಳಲು ಕೈಗೆ ರಟ್ಟಿನ ಡಬ್ಬ. ಮನೆಗೆ ಮಾರ್ಟ್‌ಗೇಜ್, ಮಗಳಿಗೆ ಕಾಲೇಜ್. ನಾಲ್ಕು ಗಂಟೆಗೆ ನಾನು ಉಸಿರಾಡುವುದನ್ನೇ ಬಿಟ್ಟಿದ್ದೆ.

ಬದುಕಿ ಮನೆಗೆ ಬಂದ ಒಂದು ಶುಕ್ರವಾರ, ಶೂ ಕೂಡ ಬಿಚ್ಚದೆ ಹಣ್ಣು ಎಣಿಸಿದೆ. ಹನ್ನೊಂದು!

"ಅನಸೂಯಾ, ಒಂದು ಹಣ್ಣು ಕಮ್ಮಿ ಇದೆ."

"ಉದುರಿರಬೇಕು ಬಿಡಿ."

"ಉದುರಿದ್ರೆ ನೆಲದ ಮೇಲೆ ಇರಬೇಕಲ್ಲ?"

"ನಿಮ್ಮ ಆಫೀಸಲ್ಲಿ ಅಷ್ಟು ಜನ ಉದುರಿದ್ರಲ್ಲ, ಅವರೇನು ನೆಲದ ಮೇಲೆ ಬಿದ್ದಿದಾರಾ? ಕಾಫಿ ಆರುತ್ತೆ, ಕುಡೀರಿ."

ಮುಂದಿನ ಶುಕ್ರವಾರ ಹತ್ತು. ಅದರ ಮುಂದಿನದಕ್ಕೆ ಒಂಬತ್ತು. ಆಫೀಸಿನಲ್ಲಿ ಜನ ಕರಗುವ ದಿನವೇ ಮನೆಯಲ್ಲಿ ಹಣ್ಣೂ ಕರಗುತ್ತಿತ್ತು. ಉಳಿದ ಒಂಬತ್ತಕ್ಕೂ ಮಾರ್ಕರಿನಲ್ಲಿ ನಂಬರು ಹಾಕಿದೆ. ಕಳ್ಳ ನಂಬರಿನ ಪ್ರಕಾರವೇ ಕದಿಯತೊಡಗಿದ! ಎಂಥ ಶಿಸ್ತು! ಹೊರಗಿನವರು ಬರಲು ಸಾಧ್ಯವಿಲ್ಲ; ನಮ್ಮ ಮನೆಯ ಇನ್ನೊಂದು ಕೀ ಇದ್ದದ್ದು ಪಕ್ಕದ ಮನೆ ಮಂಜುನಾಥನ ಹತ್ತಿರ. ನಾವು ಇಂಡಿಯಾಕ್ಕೆ ಹೋದಾಗ ಗಿಡಕ್ಕೆ ನೀರು ಹಾಕಲಿ ಅಂತ ನಾನೇ ಕೊಟ್ಟದ್ದು. "ಸಾರ್, ನಿಮ್ಮ ನಿಂಬೆ ಘಮ ನಮ್ಮನೆವರೆಗೂ ಬರುತ್ತೆ" ಅಂತ ಅವನು ಒಂದು ಸಲ ಅಂದಿದ್ದ. ಕಿಟಕಿ ಮುಚ್ಚಿದ ಡಿಸೆಂಬರಿನಲ್ಲಿ ಘಮ ಹೇಗೆ ಹೋಗುತ್ತದೆ? ಕೈ ಹೋದರೆ ತಾನೇ ಘಮ ಹೋಗುವುದು!

ಒಂದು ಶನಿವಾರ ಬೆಳಿಗ್ಗೆ ಅವನ ಮನೆಗೆ ನುಗ್ಗಿದೆ. ಅವನ ಹೆಂಡತಿ ರಾಜಿ ತಟ್ಟೆ ತುಂಬ ಚಿತ್ರಾನ್ನ ತಂದಿಟ್ಟಳು. ನಾನು ತಿನ್ನಲಿಲ್ಲ, ಮೂಸಿದೆ.

"ಯಾಕ್ ಸಾರ್, ಹಳಸಿದೆಯಾ?" ಅಂದ ಮಂಜುನಾಥ.

"ಈ ನಿಂಬೆಹಣ್ಣು ಎಲ್ಲಿಂದ ಬಂತು?"

"ಅಂಗಡಿಯಿಂದ."

"ಯಾವ ಅಂಗಡಿ? ಸಿಪ್ಪೆ ತೋರಿಸಿ."

ರಾಜಿ ಒಳಗಿನಿಂದ ಒಂದು ಬಲೆಚೀಲ ತಂದು ನನ್ನ ಮುಂದೆ ಸುರಿದಳು. ಹಸಿರು ಹಣ್ಣುಗಳು, ಒಂದೊಂದರ ಮೇಲೂ ಅಂಗಡಿಯ ಚೀಟಿ. ನನ್ನವು ಹಳದಿ. ಆಮೇಲೆ ನಮ್ಮ ಕೀಯನ್ನು ಅದೇ ಚಿತ್ರಾನ್ನದ ಮೇಲಿಟ್ಟು, "ಮನೆಗೆ ತಗೊಂಡು ಹೋಗಿ ಅಂಕಲ್" ಅಂದಳು. ಇನ್ನೂ ನಲವತ್ತೊಂಬತ್ತರ ನನ್ನನ್ನು ಎದುರಿಗೇ ಅಂಕಲ್ ಅಂದದ್ದು ಅವತ್ತೇ ಮೊದಲು.

ವಿಷಯ ತಿಳಿದ ಅನಸೂಯ ತಲೆ ಚಚ್ಚಿಕೊಂಡಳು. ಆದರೆ ಕೇಳಿ, ನನ್ನನ್ನು ಬೈಯಲಿಲ್ಲ! ಇಪ್ಪತ್ನಾಲ್ಕು ವರ್ಷದ ಸಂಸಾರದಲ್ಲಿ ಬೈಯುವ ಇಂಥ ಅವಕಾಶವನ್ನು ಅವಳು ಎಂದೂ ಬಿಟ್ಟವಳಲ್ಲ. ನನ್ನ ಅನುಮಾನ ಆಗಲೇ ಪಕ್ಕದ ಮನೆಯಿಂದ ನಮ್ಮ ಅಡುಗೆಮನೆಗೆ ವರ್ಗವಾಯಿತು.

ಫೆಬ್ರವರಿಗೆ ಉಳಿದದ್ದು ಒಂದೇ ಹಣ್ಣು. ಗುರುವಾರ ಸಂಜೆ ಅದನ್ನು ನಾನೇ ಕಿತ್ತು ಲ್ಯಾಪ್‌ಟಾಪ್ ಚೀಲದಲ್ಲಿ ಅಡಗಿಸಿದೆ. ಶುಕ್ರವಾರ ಬೆಳಿಗ್ಗೆ ಕಾರು ಹತ್ತುವಷ್ಟರಲ್ಲಿ ಅನಸೂಯ ಗ್ಯಾರೇಜಿಗೆ ಓಡಿ ಬಂದಳು.

"ರೀ, ನಿಲ್ಲಿ! ಹೊರಡಬೇಡಿ! ಹಣ್ಣೆಲ್ಲಿ?"

"ಸಿಕ್ಕಿಬಿದ್ದೆ! ಕಳ್ಳಿ ನೀನೇ!"

"ಹೌದು ನಾನೇ. ಮೊದಲು ಹಣ್ಣು ಕೊಡಿ."

"ಏನು ಮಾಡಿದೆ ಹನ್ನೊಂದು ಹಣ್ಣನ್ನ?"

ಅವಳು ಹಿಂದಿನ ಟೈರು ತೋರಿಸಿದಳು. "ಶುಕ್ರವಾರ ಶುಕ್ರವಾರ ನಿಮಗೆ ಬೆನ್ನ ಹಿಂದಿನಿಂದ ದೃಷ್ಟಿ ತೆಗೆದು ಅದರ ಕೆಳಗೆ ಇಡ್ತಿದ್ದೆ. ನೀವು ರಿವರ್ಸ್ ಮಾಡಿ ಹೋಗ್ತಿದ್ರಿ, ನಾನು ಒರೆಸ್ತಿದ್ದೆ. ಹನ್ನೊಂದು ವಾರ ಕೆಲಸ ಉಳೀತೋ ಇಲ್ವೋ?"

ಗ್ಯಾರೇಜಿನ ನಿಂಬೆ ವಾಸನೆ ನೆಲ ಒರೆಸುವ ದ್ರಾವಣದ್ದು ಅಂದುಕೊಂಡಿದ್ದೆ. ಪುಚಕ್ ಅನ್ನುವ ಸದ್ದು ಹಿಮದ್ದು ಅಂದುಕೊಂಡಿದ್ದೆ. ನಾನೇ ಹಡೆದು ಸಾಕಿದ ಹನ್ನೊಂದು ಮಕ್ಕಳ ಮೇಲೆ ನಾನೇ ಕಾರು ಹತ್ತಿಸಿದ್ದೆ!

"ಅಂಗಡಿ ಹಣ್ಣು ಇಡೋದಕ್ಕೆ ಏನಾಗಿತ್ತು ನಿಂಗೆ?"

"ದುಡ್ಡು ಕೊಟ್ಟು ತಂದಿದ್ದು ನಿಮ್ಮನ್ನ ಕಾಯುತ್ತಾ? ಝೇಂಕರಿಸಿ ಬೆಳೆಸಿದ್ದು ನೀವಲ್ವಾ? ಕೊಡಿ ಇಲ್ಲಿ."

"ನಾನು ಸೈನ್ಸ್ ಓದಿದವನು ಕಣೇ!" ಎಂದು ಗರ್ಜಿಸಿ, ಹಣ್ಣು ಕೊಡದೆ ಕಾರು ತೆಗೆದೆ.

ಸಂಜೆ ನಾಲ್ಕಕ್ಕೆ ಸದ್ದು ಬಂತು. ಟಕ್ ಟಕ್ ಟಕ್. ನಿಂತಿತು.

ರಟ್ಟಿನ ಡಬ್ಬ ಹೊತ್ತು ಮನೆಗೆ ಬಂದವನನ್ನು ಅನಸೂಯ "ನಾನು ಹೇಳಲಿಲ್ವಾ" ಅಂದು ಸುಟ್ಟುಬಿಡುತ್ತಾಳೆ ಅಂತ ಕಾದೆ. ಅವಳು ಬಿಸಿ ಅನ್ನಕ್ಕೆ ಸಾರು ಬಡಿಸಿ, "ತುಪ್ಪ ಹಾಕ್ಲಾ?" ಅಂದಳು, ಅಷ್ಟೆ. ಎರಡು ದಿನ ಅದರ ಹಿಂದೆ ಏನಿದೆಯೋ ಎಂದು ಅನುಮಾನಪಟ್ಟೆ. ಏನೂ ಇರಲಿಲ್ಲ.

ಸೋಮವಾರ ಲ್ಯಾಪ್‌ಟಾಪು, ಬ್ಯಾಡ್ಜು ಹಿಂದಿರುಗಿಸಬೇಕಿತ್ತು. ಆ ಆಫೀಸಿಗೆ ಅಂತ ಮನೆ ಬಿಡುವುದು ಅದೇ ಕೊನೆ. ಅಭ್ಯಾಸಬಲದಿಂದ ಟೈ ಕಟ್ಟಿದೆ. ಕೊನೆಯ ಹಣ್ಣು ಇನ್ನೂ ಚೀಲದಲ್ಲೇ ಇತ್ತು. ಕಾರಿನಲ್ಲಿ ಕೂತೆ. ಕೀ ತಿರುಗಿಸಲಿಲ್ಲ. ಗಾಜು ಇಳಿಸಿ, ಸೈನ್ಸ್ ಓದಿದವನ ಗಾಂಭೀರ್ಯವೆಲ್ಲ ನುಂಗಿಕೊಂಡು ಕೇಳಿದೆ:

"ಇವತ್ತು... ಏನೂ ಇಡಲ್ವಾ?"

ಅನಸೂಯ ಶಾಲು ಹೊದ್ದು ಬಾಗಿಲಲ್ಲಿ ನಿಂತಿದ್ದಳು.

"ಹೋಗಿರೋ ಕೆಲಸಕ್ಕೆ ಯಾರ್ರೀ ದೃಷ್ಟಿ ಹಾಕ್ತಾರೆ? ನಿಧಾನಕ್ಕೆ ಹೋಗಿ ಬನ್ನಿ. ಬರ್ತಾ ಮಂಜುನಾಥನ ಮನೆಗೆ ಹೋಗಿ, ತಟ್ಟೆ ತುಂಬ ಚಿತ್ರಾನ್ನ ತಿಂದು ಬನ್ನಿ. ಮೂಸಬೇಡಿ."

ನಾನು ಕಾರು ಹಿಂದಕ್ಕೆ ತೆಗೆದೆ.